ಪಕ್ಕದ ಮನೆಯ ಹುಡುಗ ಮತ್ತು ‘ಡಬ್’ ಅನ್ನೋ ಲೀಗ್

ಪ್ರಶ್ನೆ: ನಾವು ಹಾಸನದ ಕಡೆಯವರು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ರೆಜೈನಾಕ್ಕೆ ಬಂದು ಮೂರು ವರ್ಷವಾಯಿತು. ಪಕ್ಕದ ಮನೆಯಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗ ಇದ್ದಾನೆ. ಅವರ ಮಗನಲ್ಲ, ನೆಂಟನೂ ಅಲ್ಲ. ‘ಪ್ಯಾಟ್ಸ್’ ತಂಡಕ್ಕೆ ಐಸ್ ಹಾಕಿ ಆಡೋಕೆ ಬೇರೆ ಪ್ರಾಂತ್ಯದಿಂದ ಬಂದಿದ್ದಾನಂತೆ. ನನ್ನ ಮಗನಿಗೆ ಈಗ 12. ಅವನೂ ಆಡುತ್ತಾನೆ, ‘ಡಬ್’ ಡ್ರಾಫ್ಟ್ ಅಂತ ಈಗಲೇ ಕನಸು ಕಾಣುತ್ತಾನೆ. ಈ ಡಬ್ ಅಂದರೇನು? ಶಾಲೆಯ ಟೂರ್ನಿಯಾ, ವೃತ್ತಿಪರ ಲೀಗಾ? ಹೇಗೆ ಹುಟ್ಟಿತು? ಇಷ್ಟು ಚಿಕ್ಕ ಹುಡುಗರನ್ನು ಅಪ್ಪ ಅಮ್ಮ ಹೇಗೆ ಕಳಿಸುತ್ತಾರೆ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಡಬ್ ಅಂದರೆ ಡಬ್ಲ್ಯುಎಚ್‌ಎಲ್, ವೆಸ್ಟರ್ನ್ ಹಾಕಿ ಲೀಗ್. ‘ಡಬ್ಲ್ಯು’ ಅನ್ನೋಕೆ ಸೋಮಾರಿತನ ಬಂದು ಜನ ‘ಡಬ್’ ಮಾಡಿಕೊಂಡಿದ್ದಾರೆ. ಕೆನಡಾದ ಪಶ್ಚಿಮದ ನಾಲ್ಕು ಪ್ರಾಂತ್ಯಗಳಲ್ಲಿ, ಜೊತೆಗೆ ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳಲ್ಲಿ ಇದರ ತಂಡಗಳಿವೆ. ಆಡುವವರು ಹೆಚ್ಚುಕಡಿಮೆ 16ರಿಂದ 20 ವರ್ಷದವರು. ಒಂಟಾರಿಯೊದಲ್ಲಿ ಒಂದು, ಕ್ವೆಬೆಕ್ ಕಡೆ ಒಂದು, ಹೀಗೆ ಇಂಥ ಇನ್ನೆರಡು ಲೀಗ್‌ಗಳಿವೆ. ಮೂರೂ ಸೇರಿ ‘ಕೆನಡಿಯನ್ ಹಾಕಿ ಲೀಗ್’ ಅನ್ನೋ ಒಂದೇ ಕೊಡೆಯ ಕೆಳಗಿವೆ.

ಶಾಲೆಯ ಟೂರ್ನಿಯಂತೂ ಅಲ್ಲ. ವೃತ್ತಿಪರವೂ ಅಲ್ಲ ಅಂತ ಲೀಗ್ ಹೇಳುತ್ತದೆ. ಆದರೆ ಟಿಕೆಟ್ ಮಾರುತ್ತಾರೆ. ಆಟಗಾರರನ್ನು ಒಂದು ಊರಿಂದ ಇನ್ನೊಂದು ಊರಿಗೆ ಟ್ರೇಡ್ ಮಾಡುತ್ತಾರೆ. ನಿಮ್ಮ ಪಕ್ಕದ ಮನೆ ಹುಡುಗ ಬೆಳಿಗ್ಗೆ ಸ್ಕೂಲ್ ಬ್ಯಾಗ್ ಹೊತ್ತು ಹೋಗಿ, ರಾತ್ರಿ ಸಾವಿರಾರು ಜನರ ಎದುರು ಆಡುತ್ತಾನೆ. ಹಾಗಾಗಿ ಗೊಂದಲ ನಿಮ್ಮದಲ್ಲ, ಲೀಗಿನದೇ. ಸುಮಾರು ಅರವತ್ತು ವರ್ಷದಿಂದ ಅಲ್ಲಿ ನಡೆದ ದೊಡ್ಡ ಜಗಳಗಳನ್ನೆಲ್ಲ ಬಿಡಿಸಿ ನೋಡಿದರೆ ಒಳಗೆ ಇರೋದು ಒಂದೇ ಪ್ರಶ್ನೆ. ಈ ಹುಡುಗ ಯಾರ ಕೈಯಲ್ಲಿರಬೇಕು?

ಲೀಗ್ ಹುಟ್ಟುವ ಮೊದಲು ಇದಕ್ಕೆ ಉತ್ತರ ಸರಳವಾಗಿತ್ತು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕೈಯಲ್ಲಿ. ಆಗ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ. ಒಂದೊಂದು ತಂಡವೂ ಸಣ್ಣ ಊರುಗಳ ಜೂನಿಯರ್ ಕ್ಲಬ್‌ಗಳಿಗೆ ದುಡ್ಡು ಕೊಟ್ಟು ಸಾಕುತ್ತಿತ್ತು. ಎಡ್ಮಂಟನ್ ಆಯಿಲ್ ಕಿಂಗ್ಸ್‌ನ ಹಿಂದೆ ಡೆಟ್ರಾಯಿಟ್ ಇತ್ತು. ಹುಡುಗ ‘ಸಿ ಫಾರ್ಮ್’ ಅನ್ನೋ ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು. ಮುಂದೆ ಅವನ ಹಕ್ಕು ಆ ದೊಡ್ಡ ತಂಡದ್ದು. ಮುಂದೆ ಹಾಕಿಯ ದಂತಕಥೆಯಾದ ಬಾಬಿ ಆರ್ ಬಾಸ್ಟನ್ ತಂಡದ ಪಾಲಾದಾಗ ಅವನಿಗೆ ಹದಿನಾಲ್ಕು ವರ್ಷ. 1963ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್, ಅಂದರೆ ತಂಡಗಳು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿ, ಶುರು ಮಾಡಿತು. 1967ರಲ್ಲಿ ಆರು ತಂಡ ಹನ್ನೆರಡಾಯಿತು. ಈ ನಾಲ್ಕೈದು ವರ್ಷದಲ್ಲಿ ಹಳೆಯ ಸಾಕುವ ಪದ್ಧತಿ ಕಳಚಿಬಿತ್ತು. ಹುಡುಗರು ಬಿಡುಗಡೆಯಾದರು ಸರಿ, ಆದರೆ ಸಣ್ಣ ಊರಿನ ಕ್ಲಬ್‌ಗಳಿಗೆ ಬರುತ್ತಿದ್ದ ದುಡ್ಡೂ ನಿಂತಿತು.

ಇಲ್ಲಿ ಬರುತ್ತಾನೆ ಬಿಲ್ ಹಂಟರ್. ಸಸ್ಕಾಟೂನ್‌ನವನು. ಎಲ್ಲರೂ ‘ವೈಲ್ಡ್ ಬಿಲ್’ ಅಂತಲೇ ಕರೆಯುತ್ತಿದ್ದರು. ಅವನ ಕೈಯಲ್ಲಿದ್ದ ಆಯಿಲ್ ಕಿಂಗ್ಸ್ 1966ರ ಮೆಮೋರಿಯಲ್ ಕಪ್ ಗೆದ್ದಿತ್ತು. ಅದೂ ಬಾಬಿ ಆರ್ ಇದ್ದ ಒಶಾವಾ ತಂಡದ ಮೇಲೆ. ಮೆಮೋರಿಯಲ್ ಕಪ್ ಅಂದರೆ ಕೆನಡಾದ ಜೂನಿಯರ್ ಹಾಕಿಯ ದೊಡ್ಡ ಬಟ್ಟಲು, ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1919ರಲ್ಲಿ ಶುರುವಾದದ್ದು. ಪಶ್ಚಿಮದ ಒಳ್ಳೆಯ ತಂಡಗಳು ಆಲ್ಬರ್ಟಾದಲ್ಲಿ ಒಂದಿಷ್ಟು, ಸಸ್ಕಾಚೆವನ್‌ನಲ್ಲಿ ಒಂದಿಷ್ಟು ಹಂಚಿಹೋಗಿದ್ದರೆ ಪೂರ್ವದವರನ್ನು ವರ್ಷ ವರ್ಷ ಎದುರಿಸೋದು ಹೇಗೆ ಅಂತ ಹಂಟರ್ ಕೇಳಿದ. ಎಲ್ಲವನ್ನೂ ಒಂದೇ ಲೀಗಿಗೆ ಎಳೆದು ತರಬೇಕು ಅಂದ. ಎಸ್ಟೆವನ್‌ನ ಸ್ಕಾಟಿ ಮನ್ರೋ, ರೆಜೈನಾದ ಡೆಲ್ ವಿಲ್ಸನ್, ಸಸ್ಕಾಟೂನ್‌ನ ಜಿಮ್ ಪಿಗಟ್ ಜೊತೆಗೂಡಿದರು. ಏಳು ತಂಡ ಆಯಿತು: ಎಡ್ಮಂಟನ್, ಕ್ಯಾಲ್ಗರಿ, ರೆಜೈನಾ, ಸಸ್ಕಾಟೂನ್, ಮೂಸ್ ಜಾ, ಎಸ್ಟೆವನ್, ವೇಬರ್ನ್. ಏಳರಲ್ಲಿ ಐದು ನಿಮ್ಮ ಸಸ್ಕಾಚೆವನ್‌ನವೇ, ಗಮನಿಸಿ.

ಹೆಸರು ಮಾತ್ರ ಭಾರಿ: ‘ಕೆನಡಿಯನ್ ಮೇಜರ್ ಜೂನಿಯರ್ ಹಾಕಿ ಲೀಗ್’. ಇಡೀ ದೇಶ ತಮ್ಮದೇ ಅನ್ನೋ ಹಾಗೆ. ದೇಶದ ಹವ್ಯಾಸಿ ಹಾಕಿ ಸಂಸ್ಥೆಗೆ ಇದು ಸರಿಬರಲಿಲ್ಲ. ಹುಡುಗರು, ಊರುಗಳು, ನಿಯಮಗಳು ಎಲ್ಲ ತನ್ನ ಸುಪರ್ದಿಯಲ್ಲಿರಬೇಕು ಅನ್ನೋದು ಅದರ ಪಟ್ಟು. ಹೊಸ ಲೀಗಿಗೆ ‘ಔಟ್‌ಲಾ’, ಅಂದರೆ ಕಾನೂನು ಮೀರಿದವರು, ಅಂತ ಹಣೆಪಟ್ಟಿ ಹಚ್ಚಿತು. 1967ರಲ್ಲಿ ಮೂಸ್ ಜಾ ಕನಕ್ಸ್ ಮೊದಲ ಚಾಂಪಿಯನ್ ಆದರೂ ಮೆಮೋರಿಯಲ್ ಕಪ್‌ಗೆ ಆಡುವಂತಿರಲಿಲ್ಲ.

ಮುಂದಿನ ವರ್ಷ ಹೇಗೋ ರಾಜಿಯಾಯಿತು, ಹೆಸರು ‘ವೆಸ್ಟರ್ನ್ ಕೆನಡಾ’ ಅಂತ ಬದಲಾಯಿತು. 1968ರಲ್ಲಿ ಮತ್ತೆ ಜಗಳ. ಈ ಸಲ ವಯಸ್ಸಿನ ಮಿತಿ ವಿಷಯಕ್ಕೆ. ಸಂಸ್ಥೆ 20 ಅಂದರೆ ಇವರು 21 ಅಂದರು. ಒಂದು ವರ್ಷಕ್ಕೆ ಇಷ್ಟು ರಂಪವಾ ಅನ್ನಿಸಬಹುದು. ಆದರೆ ಇಪ್ಪತ್ತೊಂದರ ಪಳಗಿದ ಆಟಗಾರ ತಂಡದಲ್ಲಿದ್ದರೆ ಗೇಟ್ ಕಲೆಕ್ಷನ್ ಬೇರೆ, ಅಲ್ವಾ? ಲೀಗ್ ಎದ್ದು ಹೊರನಡೆಯಿತು. ಆಗ ನಿಮ್ಮ ಪ್ಯಾಟ್ಸ್ ಏನು ಮಾಡಿತು ಗೊತ್ತಾ? ತಾನೇ ಕಟ್ಟಿದ ಲೀಗನ್ನು ಬಿಟ್ಟಿತು. ಮೂಸ್ ಜಾ, ವೇಬರ್ನ್ ಜೊತೆ ಪ್ರಾಂತ್ಯದ ಲೀಗಿಗೆ ಹೋಗಿ ಎರಡು ವರ್ಷ ಅಲ್ಲೇ ಆಡಿತು. 1970ರಲ್ಲಿ ಎಲ್ಲರೂ ರಾಜಿಯಾದ ಮೇಲೆ ವಾಪಸ್ ಬಂತು. ಮೂಸ್ ಜಾ, ವೇಬರ್ನ್‌ನ ಆ ಹಳೇ ತಂಡಗಳು ಬರಲೇ ಇಲ್ಲ. ಪ್ಯಾಟ್ಸ್ ಶುರುವಾದದ್ದು 1917ರಲ್ಲಿ, ಲೀಗಿಗಿಂತ ಅರ್ಧ ಶತಮಾನ ಹಳೆಯದು. ನಗರದ ಹೆಸರು ವಿಕ್ಟೋರಿಯಾ ರಾಣಿಯಿಂದ ಬಂದದ್ದು, ತಂಡದ ಹೆಸರು ಆಕೆಯ ಮೊಮ್ಮಗಳು ಪೆಟ್ರೀಷಿಯಾಳಿಂದ. ಇಷ್ಟು ಹಳೇ ಮನೆತನಕ್ಕೆ ಕೊನೆಯ ಮೆಮೋರಿಯಲ್ ಕಪ್ ಸಿಕ್ಕಿದ್ದು 1974ರಲ್ಲಿ. ಪಕ್ಕದ ಮನೆಯವರ ಹತ್ತಿರ ಆ ವಿಷಯ ಎತ್ತಬೇಡಿ.

ಆ ದಿನಗಳ ಲೀಗ್ ಹೇಗಿತ್ತು ಅಂತ ತಿಳಿಯೋಕೆ ಫ್ಲಿನ್ ಫ್ಲಾನ್ ಒಂದು ಸಾಕು. ಮ್ಯಾನಿಟೋಬಾದ ಉತ್ತರ ಭಾಗದಲ್ಲಿ ಬಂಡೆಯ ಮೇಲೆ ಕೂತ ಗಣಿ ಊರು. ನಮ್ಮ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಂಡವರಿಗೆ ಆ ಊರಿನ ಮುಖ ಪರಿಚಿತ ಅನ್ನಿಸೀತು, ಚಳಿ ಒಂದು ಬಿಟ್ಟು. ಅಲ್ಲಿನ ‘ಬಾಂಬರ್ಸ್’ ತಂಡದಲ್ಲಿ ಬಾಬಿ ಕ್ಲಾರ್ಕ್ ಅಂತ ಅದೇ ಊರಿನ ಹುಡುಗ. ಸಕ್ಕರೆ ಕಾಯಿಲೆ ಇತ್ತು. ಲೀಗಿನ ಪಾಯಿಂಟ್ ಪಟ್ಟಿಯಲ್ಲಿ ಅವನೇ ಮುಂದು, ಆದರೂ 1969ರ ಡ್ರಾಫ್ಟ್‌ನಲ್ಲಿ ತಂಡಗಳು ಹಿಂದೇಟು ಹಾಕಿದವು. ಕೊನೆಗೆ ಹದಿನೇಳನೆಯವನಾಗಿ ಫಿಲಡೆಲ್ಫಿಯಾ ತೆಗೆದುಕೊಂಡಿತು. ಆ ತಂಡಕ್ಕೆ ಅವನು ನಾಯಕನಾಗಿ ಎನ್‌ಎಚ್‌ಎಲ್‌ನ ಚಾಂಪಿಯನ್ ಬಟ್ಟಲಾದ ಸ್ಟ್ಯಾನ್ಲಿ ಕಪ್ ಎರಡು ಸಲ ಗೆದ್ದುಕೊಟ್ಟ.

1970ರ ದಶಕದಲ್ಲಿ ಊರುಗಳು ಕುರ್ಚಿ ಆಟ ಆಡಿದವು. ಎಸ್ಟೆವನ್ ತಂಡ 1971ರಲ್ಲಿ ವ್ಯಾಂಕೂವರ್ ಪಕ್ಕದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು. ಎಡ್ಮಂಟನ್, ಕ್ಯಾಲ್ಗರಿಯಂಥ ನಗರಗಳಿಗೆ ವೃತ್ತಿಪರ ತಂಡ ಬಂದ ಮೇಲೆ ಹುಡುಗರ ಆಟಕ್ಕೆ ಜನ ಕಡಿಮೆಯಾದರು. ತಮಾಷೆ ಏನೆಂದರೆ, ಎಡ್ಮಂಟನ್‌ಗೆ ಆ ವೃತ್ತಿಪರ ತಂಡ ತಂದವನೂ ಬಿಲ್ ಹಂಟರ್ರೇ. ಅವನ ಹಳೇ ಆಯಿಲ್ ಕಿಂಗ್ಸ್ 1976ರಲ್ಲಿ ಗಡಿ ದಾಟಿ ಪೋರ್ಟ್‌ಲ್ಯಾಂಡ್ ಸೇರಿತು. ಮರುವರ್ಷ ಸಿಯಾಟಲ್ ಬಂತು. ಹಾಗಾದ ಮೇಲೆ ಹೆಸರಿನಲ್ಲಿ ‘ಕೆನಡಾ’ ಇಟ್ಟುಕೊಳ್ಳೋದು ಹೇಗೆ? 1978ರಲ್ಲಿ ಅದನ್ನು ತೆಗೆದು ಈಗಿನ ಹೆಸರು ಇಟ್ಟರು. 1983ರಲ್ಲಿ ಪೋರ್ಟ್‌ಲ್ಯಾಂಡ್ ಮೆಮೋರಿಯಲ್ ಕಪ್ ಗೆದ್ದ ಮೊದಲ ಅಮೆರಿಕನ್ ತಂಡವಾಯಿತು. ಹೊಡೆದಾಟವೂ ಆ ಕಾಲದಲ್ಲಿ ವಿಪರೀತ. ನ್ಯೂ ವೆಸ್ಟ್‌ಮಿನ್‌ಸ್ಟರ್ ಬ್ರೂಯಿನ್ಸ್ 1975ರಿಂದ 78ರವರೆಗೆ ಸತತ ನಾಲ್ಕು ಸಲ ಲೀಗ್ ಗೆದ್ದಿತು. ಆಟದಷ್ಟೇ ಮುಷ್ಟಿಗೂ ಅದು ಹೆಸರಾಗಿತ್ತು. 1979ರ ಒಂದು ಹೊಡೆದಾಟ ಕೋರ್ಟ್ ಮೆಟ್ಟಿಲೇರಿತು.

ಈಗ ನೀವು ಕೇಳಿದ ಕೊನೆಯ ಪ್ರಶ್ನೆಗೆ ಹತ್ತಿರದ ಭಾಗ. ಇದನ್ನು ಬರೆಯೋದು ಕಷ್ಟ, ಬಿಟ್ಟು ಬರೆಯೋದು ತಪ್ಪು.

1986ರ ಡಿಸೆಂಬರ್ 30. ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ಸು ನಿಮ್ಮ ರೆಜೈನಾಕ್ಕೇ ಹೊರಟಿತ್ತು, ಪ್ಯಾಟ್ಸ್ ಜೊತೆ ಆಡೋಕೆ. ರಸ್ತೆಯ ಮೇಲೆ ಬ್ಲ್ಯಾಕ್ ಐಸ್, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ನೀವು ಮೂರು ಚಳಿಗಾಲ ಕಂಡಿದ್ದೀರಿ, ಅದು ಏನಂತ ಹೇಳಬೇಕಿಲ್ಲ. ಊರು ದಾಟಿದ ಸ್ವಲ್ಪ ಹೊತ್ತಿಗೇ ಬಸ್ಸು ಜಾರಿ, ಹಾರಿ, ಮಗುಚಿ ಬಿತ್ತು. ಹಿಂದಿನ ಸೀಟುಗಳಲ್ಲಿ ಇಸ್ಪೀಟ್ ಆಡುತ್ತ ಕೂತಿದ್ದ ನಾಲ್ವರು ಹೋಗಿಬಿಟ್ಟರು: ಟ್ರೆಂಟ್ ಕ್ರೆಸ್, ಸ್ಕಾಟ್ ಕ್ರೂಗರ್, ಕ್ರಿಸ್ ಮ್ಯಾಂಟಿಕಾ, ಬ್ರೆಂಟ್ ರಫ್. ರಫ್‌ಗೆ ಆಗ ಹದಿನಾರು. ಅದೇ ಬಸ್ಸಿನಲ್ಲಿದ್ದು ಉಳಿದುಕೊಂಡವರಲ್ಲಿ ಜೋ ಸ್ಯಾಕಿಕ್ ಒಬ್ಬ, ಮುಂದೆ ಎನ್‌ಎಚ್‌ಎಲ್‌ನ ದೊಡ್ಡ ತಾರೆ. ಆ ವರ್ಷವಷ್ಟೇ ತಂಡ ಲೆಥ್‌ಬ್ರಿಜ್‌ನಿಂದ ಸ್ವಿಫ್ಟ್ ಕರೆಂಟ್‌ಗೆ ಮರಳಿತ್ತು. ಊರವರೇ ಸೇರಿ ತಂದುಕೊಂಡ ತಂಡ.

ಎರಡೂವರೆ ವರ್ಷದ ಮೇಲೆ, 1989ರ ಮೇ ತಿಂಗಳಲ್ಲಿ, ಅದೇ ಬ್ರಾಂಕೋಸ್ ಮೆಮೋರಿಯಲ್ ಕಪ್ ಗೆದ್ದಿತು. ಸಸ್ಕಾಟೂನ್‌ನಲ್ಲಿ, ಸಸ್ಕಾಟೂನ್ ತಂಡದ ಮೇಲೆಯೇ, ಓವರ್‌ಟೈಮ್‌ನಲ್ಲಿ. ಗೋಲ್ ಹೊಡೆದವನು ಟಿಮ್ ಟಿಸ್‌ಡೇಲ್. ಸತ್ತ ಸ್ಕಾಟ್ ಕ್ರೂಗರ್‌ನ ಇಬ್ಬರು ತಮ್ಮಂದಿರು ಆ ತಂಡದಲ್ಲಿ ಆಡಿದರು. ಇವತ್ತಿಗೂ ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಟ್ರೋಫಿಯ ಹೆಸರು ‘ಫೋರ್ ಬ್ರಾಂಕೋಸ್’.

ಇಲ್ಲಿಗೆ ನಿಲ್ಲಿಸಿದರೆ ಕಣ್ಣೀರು ತರಿಸುವ ಚಂದದ ಕಥೆ. ತುಂಬಾ ವರ್ಷ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಆ ತಂಡದ ಕೋಚ್ ಗ್ರಹಾಂ ಜೇಮ್ಸ್ ತನ್ನ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದ. 1989ರ ತಂಡದ ಶೆಲ್ಡನ್ ಕೆನಡಿ ಅದನ್ನು 1996ರಲ್ಲಿ ಪೊಲೀಸರ ಮುಂದೆ ಹೇಳಿದ. 1997ರ ಜನವರಿಯಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡ, ಮೂರೂವರೆ ವರ್ಷ ಜೈಲಾಯಿತು. ಬರೀ ಮೂರೂವರೆ. ಕೋಚ್ ಹೇಳಿದ್ದೇ ವೇದವಾಕ್ಯ, ಮನೆ ದೂರ, ಐಸ್ ಮೇಲೆ ಎಷ್ಟು ಹೊತ್ತು ಇಳಿಸಬೇಕು ಅನ್ನೋದೂ ಅವನ ಕೈಯಲ್ಲಿ. ಹುಡುಗ ಬಾಯಿ ಬಿಡೋದು ಯಾರ ಹತ್ತಿರ? ಕೆನಡಿ ಮುಂದೆ ಜೊತೆಗಾರನೊಬ್ಬನ ಜೊತೆ ಸೇರಿ ಕಟ್ಟಿದ ಸಂಸ್ಥೆಯದೇ ‘ರೆಸ್ಪೆಕ್ಟ್ ಇನ್ ಸ್ಪೋರ್ಟ್’ ಕೋರ್ಸ್. ಮಗನನ್ನು ಹಾಕಿಗೆ ಸೇರಿಸುವಾಗ ಅಪ್ಪ ಅಮ್ಮನಿಗೆ ಅದನ್ನು ಆನ್‌ಲೈನ್‌ನಲ್ಲಿ ಮುಗಿಸಿ ಅನ್ನುತ್ತಾರಲ್ಲ, ಅದೇ. ತುಂಬಾ ಜನ ಸುಮ್ನೆ ಕ್ಲಿಕ್ ಮಾಡುತ್ತ ಹೋಗುತ್ತಾರೆ. ನೀವೂ ಹಾಗೆ ಮಾಡಿದ್ದರೆ ಒಮ್ಮೆ ಕೂತು ಪೂರ್ತಿ ನೋಡಿ.

2018ರ ಏಪ್ರಿಲ್ 6ರ ಹಂಬೋಲ್ಟ್ ಬಸ್ ಅಪಘಾತದ ಬಗ್ಗೆಯೂ ನೀವು ಕೇಳಿರುತ್ತೀರಿ. ಹದಿನಾರು ಜನ ಸತ್ತರು. ಜನ ಎರಡನ್ನೂ ಬೆರೆಸುತ್ತಾರೆ, ಎರಡೂ ತಂಡದ ಹೆಸರು ಬ್ರಾಂಕೋಸ್ ಬೇರೆ. ಹಂಬೋಲ್ಟ್‌ನದು ಡಬ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಸ್ಕಾಚೆವನ್ ಜೂನಿಯರ್ ಲೀಗ್. ಅವರ ಬಸ್ಸಿಗೂ ಒಂದು ಲಾರಿಗೂ ಡಿಕ್ಕಿಯಾಗಿತ್ತು, ಲಾರಿ ಓಡಿಸುತ್ತಿದ್ದವನು ಭಾರತದಿಂದ ಹೋದ ಹೊಸ ಚಾಲಕ. ಆಮೇಲೆ ಪ್ರೇರಿ ಪ್ರಾಂತ್ಯಗಳು (ಆಲ್ಬರ್ಟಾ, ಸಸ್ಕಾಚೆವನ್, ಮ್ಯಾನಿಟೋಬಾ) ಲಾರಿ ಚಾಲಕರಿಗೆ ತರಬೇತಿ ಕಡ್ಡಾಯ ಮಾಡಿದವು. ಅಪಘಾತವಾದ ವಾರ ದೇಶದ ತುಂಬ ಜನ ಸತ್ತವರ ನೆನಪಿಗೆ ಮನೆ ಬಾಗಿಲಲ್ಲಿ ಹಾಕಿ ಸ್ಟಿಕ್ ಒರಗಿಸಿಟ್ಟರು.

ಮತ್ತೆ ಪಕ್ಕದ ಮನೆಗೆ ಬರೋಣ. ಆ ಮನೆಯವರನ್ನು ‘ಬಿಲೆಟ್’ ಅನ್ನುತ್ತಾರೆ. ಸೈನಿಕರನ್ನು ಊರವರ ಮನೆಗಳಲ್ಲಿ ಇಳಿಸುತ್ತಿದ್ದ ಕಾಲದ ಮಾತು. ನಮಗೆ ಇದು ಅಷ್ಟೇನೂ ಹೊಸದಲ್ಲ. ನಮ್ಮ ತಾತಂದಿರ ಕಾಲದಲ್ಲಿ ಹಳ್ಳಿಯ ಹುಡುಗರು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಲಿಲ್ಲವೇ? ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇಲ್ಲಿ ಏಳೂ ದಿನ ಒಂದೇ ಮನೆ, ಖರ್ಚಿಗೆ ತಂಡವೇ ಒಂದಿಷ್ಟು ಕೊಡುತ್ತದೆ. ಎಷ್ಟೋ ಆಟಗಾರರು ನಲವತ್ತು ದಾಟಿದರೂ ಬಿಲೆಟ್ ಅಮ್ಮನಿಗೆ ಫೋನ್ ಮಾಡುತ್ತಾರೆ. ಸೀಸನ್‌ನಲ್ಲಿ 68 ಪಂದ್ಯ. ಪೂರ್ವದ ಬ್ರ್ಯಾಂಡನ್‌ನಿಂದ ಪಶ್ಚಿಮದ ವಿಕ್ಟೋರಿಯಾಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ. ಬೆಂಗಳೂರಿನಿಂದ ದೆಹಲಿಗೆ ಬಸ್ಸಿನಲ್ಲಿ ಹೋಗಿ ಆಡಿ ಬಂದ ಹಾಗೆ. ಹೋಂವರ್ಕ್ ಅದೇ ಬಸ್ಸಿನಲ್ಲಿ.

ದುಡ್ಡು? ಕೈಖರ್ಚಿಗೆ ಸ್ವಲ್ಪ ಕೊಡುತ್ತಾರೆ, ಸಂಬಳ ಅನ್ನುವಷ್ಟಲ್ಲ. ನಾವು ನೌಕರರು, ಕನಿಷ್ಠ ವೇತನ ಕೊಡಿ ಅಂತ 2014ರಲ್ಲಿ ಮಾಜಿ ಆಟಗಾರರು ಮೂರೂ ಲೀಗ್‌ಗಳ ಮೇಲೆ ದಾವೆ ಹೂಡಿದರು. ಲೀಗ್‌ಗಳು, ಇವರು ವಿದ್ಯಾರ್ಥಿ ಆಟಗಾರರು ಅಂದವು. ಹಲವು ಪ್ರಾಂತ್ಯಗಳು ಕಾನೂನು ತಿದ್ದಿ ಲೀಗ್‌ಗಳ ಪರ ನಿಂತವು. 2020ರಲ್ಲಿ 3 ಕೋಟಿ ಕೆನಡಿಯನ್ ಡಾಲರ್‌ಗೆ ರಾಜಿಯ ಮಾತಾಯಿತು. ನನಗಂತೂ ಲೀಗ್‌ಗಳ ವಾದ ಪೂರ್ತಿ ಒಪ್ಪಿಗೆಯಿಲ್ಲ. ಹದಿನೇಳರ ವಿದ್ಯಾರ್ಥಿಯನ್ನು ಅರ್ಧ ಸೀಸನ್‌ನಲ್ಲಿ ಬೇರೆ ಊರಿಗೆ ಟ್ರೇಡ್ ಮಾಡುವ ಶಾಲೆ ಎಲ್ಲಿದೆ? ಆದರೆ ಒಂದು ಮಾತು ಲೀಗಿನ ಪರವಾಗಿ ಹೇಳಬೇಕು. ಒಂದು ಸೀಸನ್ ಆಡಿದರೆ ಒಂದು ವರ್ಷದ ಕಾಲೇಜು ಫೀಸು ಅನ್ನೋ ವಿದ್ಯಾರ್ಥಿವೇತನವನ್ನು ಅದು 1990ರ ದಶಕದಿಂದ ನಡೆಸಿಕೊಂಡು ಬಂದಿದೆ. ಎನ್‌ಎಚ್‌ಎಲ್ ಮುಟ್ಟೋದು ಕೆಲವೇ ಹುಡುಗರು. ಉಳಿದವರಿಗೆ ಅದೇ ಗಳಿಕೆ.

ಎಲ್ಲ ತಂಡಗಳೂ ಸಾಹುಕಾರರ ಕೈಯಲ್ಲಿಲ್ಲ ಅನ್ನೋದೂ ನನಗೆ ಇಷ್ಟದ ಸಂಗತಿ. ಸ್ವಿಫ್ಟ್ ಕರೆಂಟ್, ಪ್ರಿನ್ಸ್ ಆಲ್ಬರ್ಟ್, ಮೂಸ್ ಜಾ ತಂಡಗಳು ಊರಿನವು. ನಮ್ಮ ಸಹಕಾರ ಸಂಘದ ಹಾಗೆ ಅಂದುಕೊಳ್ಳಿ. ನಿಮ್ಮಿಂದ 70 ಕಿಲೋಮೀಟರ್ ದೂರದ ಮೂಸ್ ಜಾ ವಾರಿಯರ್ಸ್ 2024ರಲ್ಲಿ ಮೊದಲ ಸಲ ಲೀಗ್ ಗೆದ್ದಿತು. ಮೊದಲ ವರ್ಷದಿಂದಲೂ ಇರುವ ಸಸ್ಕಾಟೂನ್ ಬ್ಲೇಡ್ಸ್‌ಗೆ ಮಾತ್ರ ಆ ಭಾಗ್ಯ ಇನ್ನೂ ಬಂದಿಲ್ಲ. ಕಮ್‌ಲೂಪ್ಸ್‌ನವರು 1992, 94, 95ರಲ್ಲಿ ಮೂರು ಮೆಮೋರಿಯಲ್ ಕಪ್ ಗೆದ್ದರು. ನಡುವೆ, 1993ರಲ್ಲಿ, ಒಂದು ಮುದ್ದಾದ ಪದ್ಧತಿಯನ್ನೂ ಶುರು ಮಾಡಿದರು. ಕ್ರಿಸ್‌ಮಸ್ ಮುಂಚಿನ ಒಂದು ಪಂದ್ಯದಲ್ಲಿ ಊರ ತಂಡ ಮೊದಲ ಗೋಲ್ ಹೊಡೆದ ಕೂಡಲೇ ಜನ ಕರಡಿ ಗೊಂಬೆಗಳನ್ನು ಐಸ್ ಮೇಲೆ ಎಸೆಯುತ್ತಾರೆ. ಗೊಂಬೆಗಳು ಆಸ್ಪತ್ರೆಯ, ಬಡವರ ಮನೆಯ ಮಕ್ಕಳಿಗೆ ಹೋಗುತ್ತವೆ. ಮಗನನ್ನು ಮೊದಲ ಪಂದ್ಯಕ್ಕೆ ಕರೆದುಕೊಂಡು ಹೋಗುವುದಿದ್ದರೆ ಆ ರಾತ್ರಿಯೇ ಹೋಗಿ.

ಇನ್ನು ಡ್ರಾಫ್ಟ್. ಮೊದಲು ತಂಡಗಳು ಹುಡುಗರ ಹೆಸರನ್ನು ಪಟ್ಟಿಗೆ ಹಾಕಿಕೊಂಡು ಕಾಯ್ದಿರಿಸುತ್ತಿದ್ದವು. 1990ರಿಂದ ಡ್ರಾಫ್ಟ್ ಇದೆ. ಹದಿನೈದು ತುಂಬುವ ವರ್ಷ ಹೆಸರು ಕೂಗುತ್ತಾರೆ, ಪೂರ್ತಿ ಸೀಸನ್ ಆಡೋದು ಸಾಮಾನ್ಯವಾಗಿ ಹದಿನಾರಕ್ಕೆ. ಇದಕ್ಕೆ ವಿನಾಯಿತಿ ಸಿಕ್ಕ ಮೊದಲಿಗ ಕಾನರ್ ಬೆಡಾರ್ಡ್, 2020ರಲ್ಲಿ, ನಿಮ್ಮ ಪ್ಯಾಟ್ಸ್‌ಗೆ. ನೀವು ರೆಜೈನಾಕ್ಕೆ ಬಂದ ಹೊಸತು, 2022-23ರ ಸೀಸನ್‌ನಲ್ಲಿ, ಅವನು 57 ಪಂದ್ಯದಲ್ಲಿ 71 ಗೋಲ್, 143 ಪಾಯಿಂಟ್ (ಸ್ವಂತ ಗೋಲ್, ಜೊತೆಗಾರರ ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಮಾಡಿದ. ಅವನು ಹೋದ ಊರಲ್ಲೆಲ್ಲ ಟಿಕೆಟ್ ಸಿಗುತ್ತಿರಲಿಲ್ಲ. ನಿಮ್ಮ ಮಗನ ಕನಸು ಎಲ್ಲಿಂದ ಬಂತು ಅಂತ ಊಹಿಸೋದು ಕಷ್ಟವಲ್ಲ.

ನಿಮಗೆ ಬೇಕಾದ ಮುಖ್ಯ ಸುದ್ದಿ ತೀರಾ ಈಚಿನದು. ಮೊದಲೆಲ್ಲ ಡಬ್‌ನಲ್ಲಿ ಆಡಿದ ಹುಡುಗ ಅಮೆರಿಕದ ದೊಡ್ಡ ಕಾಲೇಜು ಹಾಕಿಗೆ ಅನರ್ಹ. ಆ ಕಾಲೇಜುಗಳ ಸಂಸ್ಥೆ ಎನ್‌ಸಿಎಎ ಅವನನ್ನು ವೃತ್ತಿಪರ ಅಂತಲೇ ಎಣಿಸುತ್ತಿತ್ತು. ಹದಿನಾರಕ್ಕೇ ಹುಡುಗನ ಮನೆಯವರು ಡಬ್ಬಾ ಕಾಲೇಜಾ ಅಂತ ಆರಿಸಿಕೊಳ್ಳಬೇಕಿತ್ತು, ಆರಿಸಿದ ಮೇಲೆ ಹಿಂದಿರುಗುವಂತಿರಲಿಲ್ಲ. 2024ರ ನವೆಂಬರ್‌ನಲ್ಲಿ ಆ ನಿಯಮ ಬಿತ್ತು, 2025ರ ಆಗಸ್ಟ್ 1ರಿಂದ ಬಾಗಿಲು ತೆರೆಯಿತು. ಮೆಡಿಸಿನ್ ಹ್ಯಾಟ್‌ನ ಗ್ಯಾವಿನ್ ಮೆಕೆನ್ನಾ ಲೀಗ್ ಗೆದ್ದ ಬೇಸಿಗೆಯಲ್ಲೇ ಪೆನ್ ಸ್ಟೇಟ್ ಕಾಲೇಜಿಗೆ ಹೊರಟ. ಲೀಗಿಗೆ ಇದರಿಂದ ಲಾಭವೂ ಆಯಿತು, ತಲೆನೋವೂ ಬಂತು. ಚಿಕ್ಕವರು ಧೈರ್ಯವಾಗಿ ಬರುತ್ತಾರೆ, ಬೆಳೆದವರು ಬೇಗ ಹೋಗುತ್ತಾರೆ. ಆದರೆ ಹುಡುಗನ ಮಟ್ಟಿಗೆ ಆಯ್ಕೆ ಮೊದಲ ಬಾರಿಗೆ ಅವನ ಕೈಗೆ ಬಂದಿದೆ.

ಹಾಗಾಗಿ ನಿಮ್ಮ ಮಗನ ವಿಷಯದಲ್ಲಿ ಇವತ್ತೇ ಏನೂ ತೀರ್ಮಾನ ಬೇಡ. ಇನ್ನು ಮೂರು ವರ್ಷ ಇದೆ. ಅಷ್ಟರಲ್ಲಿ ಯಾರಾದರೂ ಏಜೆಂಟ್ ಅಥವಾ ‘ಸಲಹೆಗಾರ’ ಫೋನ್ ಮಾಡಿ ಅವಸರ ಮಾಡಿದರೆ ಫೋನ್ ಇಟ್ಟುಬಿಡಿ. ತಂಡವೊಂದು ಕರೆದ ದಿನ ಬಂದರೆ ಮೂರು ಕೇಳಿ: ಬಿಲೆಟ್ ಮನೆ ಯಾವುದು, ಶಾಲೆ ಯಾವುದು, ಹುಡುಗನಿಗೆ ತೊಂದರೆಯಾದರೆ ಕೋಚ್ ಅಲ್ಲದೆ ಯಾರಿಗೆ ಹೇಳಬೇಕು. ಮೂರನೆಯದಕ್ಕೆ ತಡವರಿಸಿದರೆ ಬೇರೆ ತಂಡ ನೋಡಿ.

ಇಷ್ಟೆಲ್ಲ ನನ್ನ ಹತ್ತಿರ ಕೇಳುವ ಬದಲು ಪಕ್ಕದ ಮನೆ ಹುಡುಗನನ್ನೇ ಒಂದು ದಿನ ಊಟಕ್ಕೆ ಕರೆಯಿರಿ. ನಿಮ್ಮ ಮಗ ಅವನನ್ನು ಕೇಳುವಷ್ಟು ಪ್ರಶ್ನೆ ನಾನೂ ಕೇಳಲಾರೆ. ಚಿತ್ರಾನ್ನ, ಮೊಸರನ್ನ ನಡೆಯುತ್ತೆ, ಖಾರ ಸ್ವಲ್ಪ ಕಡಿಮೆ ಮಾಡಿ. ಪಂದ್ಯ ಇರುವ ದಿನ ಮಾತ್ರ ಬೇಡ. ಅವತ್ತು ಮಧ್ಯಾಹ್ನ ಅವರು ಕಟ್ಟುನಿಟ್ಟಾಗಿ ನಿದ್ದೆ ಮಾಡುತ್ತಾರೆ.